ಇನ್ನೊಂದು ಕಣ್ಣಿನ ಸರದಿ

ಚಪ್ಪಲಿ ಬಿಟ್ಟ ಮೇಲೆ, ಯಾರ ಹಾಗೆ ನಡೆಯಬೇಕೆಂದು ಅವಳಿಗೆ ತೋಚಲಿಲ್ಲ. ಕಣ್ಣಿನ ವಿಭಾಗದ ಒಳಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ ಎಂಬುದನ್ನು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ ಮುಖ ಎತ್ತದೆ ಬೆರಳಲ್ಲೇ ತೋರಿಸಿದ್ದ. ಬಾಗಿಲ ಪಕ್ಕದಲ್ಲಿ ಚಪ್ಪಲಿಗಳ ರಾಶಿ. ಬಗ್ಗಿ ಅಮ್ಮನ ರಬ್ಬರ್ ಚಪ್ಪಲಿ ಬಿಡಿಸಿ, ಅದನ್ನು ತನ್ನ ಚಪ್ಪಟೆ ಚಪ್ಪಲಿಯ ಮೇಲೆ ಅಡ್ಡಡ್ಡ ಇಟ್ಟು, ಅಮ್ಮನ ಮೊಣಕೈ ಹಿಡಿದು ಒಳಗೆ ಬಂದಳು. ಆಗಷ್ಟೇ ಒರೆಸಿದ ನೆಲ ಪಾದಕ್ಕೆ ತಣ್ಣಗೆ ಅಂಟಿಕೊಳ್ಳುತ್ತಿತ್ತು. ಹೆಜ್ಜೆಗೆ ಸದ್ದೇ ಇಲ್ಲ. ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದ ಮುದುಕ ಮುದುಕಿಯರು ಬಾಗಿಲ ಕಡೆ ಮುಖ ತಿರುಗಿಸಿದರು. ನೋಡುವುದಕ್ಕಲ್ಲ, ಯಾರೋ ಬಂದ ಗಾಳಿ ಸೋಕಿದ್ದಕ್ಕೆ. ಹಾಲಿನ ಕೆನೆ ಕಟ್ಟಿದಂತಿದ್ದ ಆ ಕಣ್ಣುಗಳೆಲ್ಲ ಅವಳ ಮೇಲೆ ಬಂದು, ಅವಳನ್ನು ದಾಟಿ, ಹಿಂದೆ ಇನ್ನೂ ಒಬ್ಬರು ಬರುವುದಿದೆ ಎಂಬ ಹಾಗೆ ಅಲ್ಲೇ ನಿಂತವು. ಅವಳು ತಿರುಗಿ ನೋಡಿದಳು. ಕಾವಲುಗಾರ ಒಬ್ಬನೇ, ಆಕಳಿಸುತ್ತಿದ್ದ.

"ಎಡವೋ ಬಲವೋ?" ಎಂದು ಪಕ್ಕದಲ್ಲಿ ಕೂತಿದ್ದ ಮುದುಕ ಕೇಳಿದ. ಅಲ್ಲಿ ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ.

"ಬಲಗಣ್ಣು," ಎಂದಳು ಅಮ್ಮ.

"ನಂದು ಎಡ. ಬಸ್ ಓಡಿಸ್ತಿದ್ದೆ ತಾಯಿ, ಊರೆಲ್ಲಾ ನನ್ನ ಕಣ್ಣ ಮೇಲೆ ಕೂತು ತಿರುಗ್ತಿತ್ತು. ಈಗ ಬಚ್ಚಲಿಗೆ ಹೋಗಬೇಕಾದ್ರೂ ನಮ್ಮವಳು ಹಿಂದಿಂದ ಕೂಗ್ತಾಳೆ, ಎಡಕ್ಕೆ ಎಡಕ್ಕೆ, ಇನ್ನೂ ಬರಲಿ ಇನ್ನೂ ಬರಲಿ ಅಂತ." ತನ್ನ ಮಾತಿಗೆ ತಾನೇ ನಕ್ಕ. "ಜೊತೇಲಿ ಯಾರು?"

"ಮೂಗಿ. ನನ್ನ ಚಿಕ್ಕ ಮಗಳು."

"ಅಯ್ಯೋ ಪಾಪ. ಮಾತು ಬರಲ್ವಾ?"

"ಬರತ್ತೆ. ಆಡಲ್ಲ. ಆಡಿದ್ರೆ ಎಲ್ಲಿ ಮುತ್ತು ಉದುರಿ ಹೋಗತ್ತೋ ಅಂತ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವಳ ಕಿವಿ ಬಿಸಿಯಾಯಿತು. ಕಾಣದವರ ನಗುವಿಗೆ ಹೀಗೆ ನಾಚಿಕೆಪಡುವುದೇಕೆ ಎಂದುಕೊಂಡರೂ ತಲೆ ತಾನಾಗಿ ಬಗ್ಗಿತು. ಮಣಿಕಟ್ಟಿನ ಮೇಲಿನ ಸುಟ್ಟ ಗಾಯವನ್ನು ಸೆರಗಿನಡಿ ಮುಚ್ಚಿಕೊಂಡಳು. ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಕೆಲಸ. ಬಂದ ಬಟ್ಟೆಗಳನ್ನು ಬೆಳಕಿಗೆ ಹಿಡಿದು, ಕಲೆ ಎಲ್ಲೆಲ್ಲಿದೆಯೆಂದು ಹುಡುಕಿ, ಸೀಮೆಸುಣ್ಣದಿಂದ ಅದರ ಸುತ್ತ ಗೆರೆ ಎಳೆಯಬೇಕು. ಒಗೆಯುವವನು ಆ ಗೆರೆಯೊಳಗೆ ಮಾತ್ರ ಔಷಧಿ ಹಾಕಿ ಉಜ್ಜುತ್ತಾನೆ. ಶಾಲೆ ಬಿಟ್ಟಾಗಿನಿಂದ ಅದೇ ಕೆಲಸ. ಬೇರೆಯವರಿಗೆ ಕಾಣದ ಕಲೆ ಅವಳಿಗೆ ಕಾಣುತ್ತಿತ್ತು, ಹಾಗಂತ ಮಾಲೀಕ ಹೊಗಳುತ್ತಿದ್ದ. ಒಮ್ಮೊಮ್ಮೆ ಗೆರೆ ಎಳೆದು ಒಗೆಯಲು ಕೊಟ್ಟ ಅಂಗಿ ಒಣಗಿ ಬಂದ ಮೇಲೆ ಮತ್ತೆ ಬೆಳಕಿಗೆ ಹಿಡಿದರೆ, ಕಲೆ ಹೋಗಿ ಗೆರೆಯ ನೆರಳು ಮಾತ್ರ ಉಳಿದಿರುತ್ತಿತ್ತು. ಅಮ್ಮನಿಗೆ ಅವಳು ಈಗ ಹಾಗೆಯೇ ಕಾಣಬಹುದು. ಒಳಗೆ ಏನೂ ಇಲ್ಲದ, ಸುತ್ತ ಒಂದು ಗೆರೆ. ಆ ಗೆರೆಯೊಳಗೆ ಯಾರನ್ನು ಬೇಕಾದರೂ ಕೂರಿಸಬಹುದು.

ಕೂರಿಸಿದ್ದು ರಾಣಿಯನ್ನು. ರಾಣಿ ಅಕ್ಕ. ಮನೆ ಬಿಟ್ಟುಹೋಗಿ ಎರಡು ವರ್ಷ. ಮೆಚ್ಚಿದವನ ಜೊತೆ ಹೋದಳೆಂದು ಕೆಲವರು, ಯಾರ ಜೊತೆಗೂ ಅಲ್ಲ, ಹೀಗೇ ಸುಮ್ಮನೆ ಹೋದಳೆಂದು ಕೆಲವರು. ಒಂದು ಸಲ ಫೋನ್ ಮಾಡಿ "ಹುಡುಕಬೇಡಿ, ಚೆನ್ನಾಗಿದೀನಿ" ಎಂದವಳು ಆಮೇಲೆ ಆ ನಂಬರಿನಲ್ಲೂ ಸಿಗಲಿಲ್ಲ. ಮಂಚದ ಕೆಳಗೆ ಅವಳ ಎತ್ತರ ಹಿಮ್ಮಡಿಯ ಚಪ್ಪಲಿ ಉಳಿದಿತ್ತು. ಒಂದು ದಿನ ಮೂಗಿಯ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ, ಹೊಲಿಸಲು ಹೊತ್ತಿಲ್ಲದೆ, ಅದನ್ನೇ ಮೆಟ್ಟಿಕೊಂಡು ಕೆಲಸಕ್ಕೆ ಹೋಗಿದ್ದಳು. ಸಂಜೆ ಮೆಟ್ಟಿಲು ಹತ್ತುವಾಗ ಅದು ಟಕ್ ಟಕ್ ಎಂದಿತು. ಅಡುಗೆಮನೆಯಲ್ಲಿ ದೀಪ ಹಾಕದೆ, ಬೆರಳಿನ ತುದಿಯಿಂದಲೇ ಅಕ್ಕಿಯ ಕಲ್ಲು ಆರಿಸುತ್ತಿದ್ದ ಅಮ್ಮ ತಲೆ ಎತ್ತಿ, "ಬಂದ್ಯೇನೇ ರಾಣಿ?" ಎಂದಳು. ಅಲ್ಲಮ್ಮ, ನಾನು. ಇಷ್ಟೇ ಹೇಳಬೇಕಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಆದರೆ ಹೊರಗೆ ಬಂದದ್ದು "ಹ್ಞೂಂ", ಅದೂ ರಾಣಿಯ ಹಾಗೆ ಕೊನೆಯಲ್ಲಿ ಎಳೆದು. ಅಮ್ಮನ ಮುಖ ಆಗ ಏನಾಯಿತೋ ಅದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆ ಮುಖಕ್ಕೆ ಹಾಗೆ ಆಗಲು ಬರುತ್ತದೆಂದೇ ಗೊತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ, ಒಂದೂ ಕೇಳಲಿಲ್ಲ. ಬೆಳಗ್ಗೆ ಹೋಗಿ ಸಂಜೆ ಬಂದವಳನ್ನು ಕೇಳುವ ಹಾಗೆ, "ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ?" ಎಂದಳು.

ಅಲ್ಲಿಂದ ದಿನವೂ ಸಂಜೆ ರಾಣಿ ಬರತೊಡಗಿದಳು. ಸ್ವಲ್ಪ ಹೊತ್ತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮಾತಾಡಿ, ಟಕ್ ಟಕ್ ಎಂದು ಮೆಟ್ಟಿಲಿಳಿದು ಹೋಗುವಳು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಚಪ್ಪಲಿ ಬದಲಾಯಿಸಿಕೊಂಡು ಮೂಗಿ ಸದ್ದಿಲ್ಲದೆ ಮೇಲೆ ಬರುವಳು. "ಇಷ್ಟು ಹೊತ್ತು ಮಾಡಿದ್ಯಲ್ಲೇ, ರಾಣಿ ಈಗಷ್ಟೇ ಹೋದ್ಲು," ಎಂದು ಅಮ್ಮ ಗೊಣಗುವಳು. ರಾಣಿಯಾಗಿ ಕೂತಾಗ ಅವಳಿಗೆ ಮಾತು ಬರುತ್ತಿತ್ತು. ಅದೇ ಆಶ್ಚರ್ಯ. ಅಂಗಡಿಗೆ ಬರುವ ಬಟ್ಟೆಗಳ ಕಥೆ, ಯಾರ ಜೇಬಿನಲ್ಲಿ ಏನಿತ್ತು, ಮದುಮಗನ ಕೋಟಿನ ಬೆನ್ನಿಗೆ ಕಲೆ ಹೇಗೆ ಬಂತು, ಎಲ್ಲವನ್ನೂ "ಮೂಗಿ ಹೇಳ್ತಿದ್ಲು" ಎಂದು ಶುರುಮಾಡಿ ಹೇಳುವಳು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುವಳು. "ಮೂಗಿಗೆ ಇಸ್ತ್ರಿಪೆಟ್ಟಿಗೆ ತಗುಲಿ ಕೈ ಸುಟ್ಟಿದೆ ಗೊತ್ತಾ?" ಎಂದು ಒಂದು ಸಲ ಹೇಳಿದ್ದಳು. "ನಂಗ್ಯಾಕೆ ಹೇಳ್ತಾಳೆ? ಅವಳಿಗೆ ನಾನು ಯಾರು?" ಎಂದು ಅಮ್ಮ ನಿಟ್ಟುಸಿರಿಟ್ಟಳು. "ಬಡಿಸೋವಾಗ ತಟ್ಟೆ ಕುಕ್ಕತಾಳೆ ಕಣೇ. ನನ್ನ ಕೈ ಹಿಡಿದ್ರೆ ಪಾತ್ರೆ ಹಿಡಿದ ಹಾಗೆ ಹಿಡೀತಾಳೆ." ಮಾರನೆಯ ದಿನದಿಂದ ಮೂಗಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಟ್ಟಳು. ವಾರ ಕಳೆದ ಮೇಲೆ ಅಮ್ಮ ರಾಣಿಗೆ ಹೇಳಿದಳು: "ಈಗೀಗ ಅವಳು ತಟ್ಟೆ ಇಟ್ಟಿದ್ದೂ ಗೊತ್ತಾಗಲ್ಲ. ದೆವ್ವ ಬಡಿಸಿದ ಹಾಗಿರತ್ತೆ."

ರಾಣಿ ಅದಕ್ಕೆ ಜೋರಾಗಿ ನಕ್ಕಿದ್ದಳು. ಮೆಟ್ಟಿಲ ಕೆಳಗೆ ಬಂದು ಚಪ್ಪಲಿ ಬದಲಾಯಿಸುವಾಗ ಮೂಗಿಗೆ ಅಳು ಬಂದಿತ್ತು. ಅಳು ಮುಗಿಯುವ ತನಕ ಅಲ್ಲೇ ನಿಂತು ಮೇಲೆ ಬಂದರೆ, ಅಮ್ಮ ಇನ್ನೂ ಸ್ಟೂಲಿನ ಕಡೆ ಬಾಗಿ ಮಾತಾಡುತ್ತಿದ್ದಳು. ನಡುನಡುವೆ ತಡೆದು, ಕೇಳಿಸಿಕೊಂಡು, ತಲೆದೂಗುತ್ತಿದ್ದಳು. ಸ್ಟೂಲಿನ ಮುಂದೆ ಇಟ್ಟಿದ್ದ ನೀರಿನ ಲೋಟ ಖಾಲಿಯಾಗಿತ್ತು. ತಾನು ಕುಡಿದೆನೇ ಇಲ್ಲವೇ ಎಂದು ಮೂಗಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಗಂಟಲು ಮಾತ್ರ ಒಣಗಿತ್ತು.

ಆಸ್ಪತ್ರೆಯ ಪಟ್ಟಿಗೆ ಹೆಸರು ಬರೆಸಿದ್ದು ಇದೆಲ್ಲ ಶುರುವಾಗುವ ಮೊದಲು. ಬರೆಸಿ ಮರೆತೇಹೋಗಿತ್ತು. ಮೊದಲ ಸಲ ಸರದಿ ಬಂದಾಗ ಇದೇ ಹಜಾರದ ಹೊರಗಿನ ಸಾಲಿನಲ್ಲಿ ಕೂತಿದ್ದರು. ಅಮ್ಮ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಹೆಸರು ಕೂಗುವವನು ಬಂದು ಅಮ್ಮನ ಹೆಸರು ಕೂಗಿದ. ಮತ್ತೆ ಕೂಗಿದ. ಮೂಗಿ ಕೈ ಎತ್ತಲಿಲ್ಲ. ನಾಲಿಗೆ ಹಲ್ಲಿನ ಹಿಂದೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಅಮ್ಮನ ಕಣ್ಣು ತೆರೆದರೆ ಸ್ಟೂಲಿನ ಮೇಲೆ ಯಾರು ಕೂತಿದ್ದಾರೆಂದು ಕಾಣುತ್ತದೆ. ಆ ಮುಖ, ರಾಣಿಗೆಂದು ಅರಳುವ ಆ ಮುಖ, ಮತ್ತೆ ಮುಚ್ಚಿಕೊಳ್ಳುತ್ತದೆ. "ಇಲ್ವಾ? ಇಲ್ದಿದ್ರೆ ಪಟ್ಟಿ ಕೊನೆಗೆ," ಎಂದು ಅವನು ಮುಂದಿನ ಹೆಸರಿಗೆ ಹೋದ. ಮಧ್ಯಾಹ್ನ ಅಮ್ಮನ ಭುಜ ಮುಟ್ಟಿ, "ಇವತ್ತು ನಮ್ಮದು ಬರಲಿಲ್ಲಮ್ಮ," ಎಂದಳು. "ಹೌದಾ?" ಎಂದಳು ಅಮ್ಮ. ಸೆರಗು ಸರಿಮಾಡಿಕೊಂಡು ಎದ್ದಳು. ಅಷ್ಟೇ. ಅದಾದ ಮೇಲೆ ಪಟ್ಟಿ ತೆವಳಿ ತೆವಳಿ ಮತ್ತೆ ಅವರ ತನಕ ಬರಲು ಒಂದು ಬೇಸಿಗೆ ಪೂರ್ತಿ ಹೋಯಿತು. ಅಷ್ಟರಲ್ಲಿ ಅಮ್ಮ ಬಿಸಿ ಪಾತ್ರೆಗೆ ಕೈ ಇಟ್ಟಳು, ಮೆಟ್ಟಿಲಲ್ಲಿ ಎಡವಿ ಹಲ್ಲು ಮುರಿದುಕೊಂಡಳು. ಮುರಿದ ಹಲ್ಲನ್ನು ಮೂಗಿ ಕಾಗದದಲ್ಲಿ ಸುತ್ತಿ, ಬಿಸಾಡಲಾರದೆ, ಕೆಲಸದ ಚೀಲದಲ್ಲಿ ಇಟ್ಟುಕೊಂಡಿದ್ದಳು. ಸೀಮೆಸುಣ್ಣ ಹುಡುಕುವಾಗಲೆಲ್ಲ ಅದು ಕೈಗೆ ಸಿಗುತ್ತಿತ್ತು.

"ಬಲಗಣ್ಣುಗಳೆಲ್ಲಾ ಈ ಕಡೆ ಬನ್ನಿ, ಎಡಗಣ್ಣುಗಳು ಅಲ್ಲೇ ಇರಿ!" ಎನ್ನುತ್ತ ಆಯಾ ಬಂದಳು. ಕಂಕುಳಲ್ಲಿ ಹಸಿರು ನಿಲುವಂಗಿಗಳ ಗಂಟು, ಬಾಯಲ್ಲಿ ಕಚ್ಚಿಕೊಂಡ ಬಾಚಣಿಗೆ. ಆಪರೇಷನ್ನಿಗೆ ಹೋಗುವ ಹೆಂಗಸರಿಗೆಲ್ಲ ಎರಡು ಜಡೆ ಹಾಕಬೇಕು, ಮಲಗಿದರೆ ತುರುಬು ಒತ್ತಬಾರದು ಎಂದು. ಒಬ್ಬೊಬ್ಬರ ಹಿಂದೆ ನಿಂತು ಸರಸರನೆ ಹೆಣೆದು, ತುದಿಗೆ ಗಾಯಕ್ಕೆ ಸುತ್ತುವ ಬಟ್ಟೆಯ ಚೂರು ಕಟ್ಟಿ, ಆಪರೇಷನ್ ಆಗುವ ಕಣ್ಣಿನ ಹುಬ್ಬಿನ ಮೇಲೆ ನೀಲಿ ಪೆನ್ನಿನಿಂದ ಗುರುತು ಹಾಕುತ್ತ ಬಂದಳು. ಸ್ವಲ್ಪ ಹೊತ್ತಿನಲ್ಲಿ ಗೋಡೆಯುದ್ದಕ್ಕೂ ಎರಡು ಬಿಳಿ ಜಡೆಯ ಹುಡುಗಿಯರು ಸಾಲಾಗಿ ಕೂತಿದ್ದರು. ಕಾಲು ನೆಲಕ್ಕೆ ತಾಗದವರು ಕಾಲು ಆಡಿಸುತ್ತಿದ್ದರು. ಹುಬ್ಬಿನ ಮೇಲಿನ ನೀಲಿ ಗುರುತು ಕಂಡು ಅವಳಿಗೆ ತನ್ನ ಸೀಮೆಸುಣ್ಣ ನೆನಪಾಯಿತು. ಇಲ್ಲಿ ಕಲೆ ಇದೆ. ಇಲ್ಲಿ ಉಜ್ಜಿ.

"ಅಜ್ಜಿ, ಜೊತೇಲಿ ಯಾರು ಬಂದಿದಾರೆ?" ಆಯಾ ಅಮ್ಮನ ಜಡೆ ಹೆಣೆಯುತ್ತ ಕೇಳಿದಳು.

"ನನ್ನ ಹೆಣ್ಣುಮಕ್ಕಳು. ಇಬ್ಬರೂ."

ಆಯಾ ಕತ್ತು ಚಾಚಿ ನೋಡಿದಳು. "ಇಬ್ಬರಾ? ಒಬ್ಬಳೇ ನಿಂತಿದಾಳಲ್ಲ."

"ನಿಂಗೂ ಪೊರೆ ಬಂದಿರಬೇಕು. ಇಲ್ಲೇ ಇದೀಯ, ತೋರಿಸ್ಕೋ."

"ನೋಡ್ರೀ ಅಜ್ಜಿ ಬಾಯಿ!" ಆಯಾ ನಕ್ಕು, ಜಡೆಯನ್ನು ಒಮ್ಮೆ ಎಳೆದು, ಮುಂದಿನವಳ ಹಿಂದೆ ಹೋದಳು. ಮಗಳು ಮಾತ್ರ ನಗಲಿಲ್ಲ. ಅಮ್ಮನ ಬಾಟಲಿಯಲ್ಲಿ ನೀರು ಮುಗಿದಿದೆಯೆಂದು ಗೊಣಗಿ, ಬಾಟಲಿ ಹಿಡಿದು ನಲ್ಲಿಯ ಕಡೆ ಹೋದಳು. ನಲ್ಲಿಯ ಮೇಲಿನ ಕನ್ನಡಿಯಲ್ಲಿ ಪಾದರಸ ಹೋಗಿ ಕಂದು ಮಚ್ಚೆಗಳಾಗಿದ್ದವು. ಮುಖ ಬರಬೇಕಾದ ಜಾಗದಲ್ಲೇ ಒಂದು ದೊಡ್ಡ ಮಚ್ಚೆ. ಪಕ್ಕಕ್ಕೆ ಸರಿದರೆ ಕಾಣಬಹುದಿತ್ತು. ಸರಿಯಲಿಲ್ಲ.

ಬರಿಗಾಲಲ್ಲಿ ವಾಪಸು ಬಂದು ಅಮ್ಮನ ಪಕ್ಕ ಕೂತಳು. ಇನ್ನೂ ಏನೂ ಹೇಳಿರಲಿಲ್ಲ, ಮುಟ್ಟಿರಲೂ ಇಲ್ಲ.

"ಬಂದ್ಯಾ ರಾಣಿ?" ಎಂದಳು ಅಮ್ಮ.

ಅವಳ ಕೈಯಲ್ಲಿ ಬಾಟಲಿ ತಣ್ಣಗೆ ಬೆವರುತ್ತಿತ್ತು. ಇವತ್ತು ಆ ಚಪ್ಪಲಿ ಹಾಕಿರಲಿಲ್ಲ. ಇವತ್ತು ರಾಣಿಯಾಗಿ ಬಂದಿರಲೇ ಇಲ್ಲ.

"ಮೂಗಿ ನೀರಿಗೆ ಹೋಗಿದಾಳೆ," ಅಮ್ಮ ಸ್ವರ ತಗ್ಗಿಸಿದಳು. "ಅವಳು ಬರೋದ್ರೊಳಗೆ ಒಂದು ಮಾತು ಹೇಳ್ತೀನಿ. ಆವತ್ತು ನನ್ನ ಹೆಸರು ಕೂಗಿದ್ರು. ಎರಡೆರಡು ಸಲ. ಅವಳು ಸುಮ್ಮನೆ ಕೂತಿದ್ಲು. ಕಣ್ಣಿಗೆ ಪೊರೆ ಬಂದಿರೋದು ಕಣೇ ನಂಗೆ, ಕಿವಿಗಲ್ಲ."

"ಮತ್ತೆ..." ಎಂದಳು ಅವಳು. ಯಾವ ಸ್ವರದಲ್ಲಿ ಹೇಳಿದಳೋ ಅವಳಿಗೇ ಗೊತ್ತಾಗಲಿಲ್ಲ. "ಮತ್ತೆ ನೀನ್ಯಾಕಮ್ಮ ಸುಮ್ಮನಿದ್ದೆ?"

ಅಮ್ಮ ಎರಡೂ ಜಡೆಗಳನ್ನು ಎದೆಯ ಮೇಲೆ ಎಳೆದುಕೊಂಡು, ತುದಿಯ ಬಟ್ಟೆಯ ಚೂರನ್ನು ಸವರಿದಳು. ಬಸ್ಸಿನ ಮುದುಕ ಕೂತಲ್ಲೇ ನಿದ್ದೆಹೋಗಿ ಗೊರಕೆ ಹೊಡೆಯುತ್ತಿದ್ದ. "ಅವಳಿಗೆ ಹೇಳಬೇಡ," ಎಂದಳು ಕೊನೆಗೆ. "ಪಾಪ, ಅವಳಿಗೆ ನಾನಲ್ದೆ ಯಾರಿದಾರೆ."

ಆಗಲೇ ಬಾಗಿಲು ತೆರೆದು, ಹೆಸರು ಕೂಗುವವನು ಬಂದ. ಅಮ್ಮನ ಹೆಸರು. ಅವಳಿಗೆ ಹಜಾರದ ಆ ಕಣ್ಣುಗಳೆಲ್ಲ ತನ್ನ ಬಾಯಿಯನ್ನೇ ಕಾಯುತ್ತಿವೆ ಅನ್ನಿಸಿತು. ಮತ್ತೆ ಕೂಗಿದ. ಅಮ್ಮ ಅಲುಗಲಿಲ್ಲ, ಮುಖವನ್ನು ಅವಳ ಕಡೆ ತಿರುಗಿಸಿ, ತುಟಿ ಸ್ವಲ್ಪ ತೆರೆದು, ತಾನೂ ಕಾಯುತ್ತಿದ್ದಳು. ಚೀಲದೊಳಗೆ ಕೈ ಹಾಕಿದವಳಿಗೆ ಕಾಗದದ ಪೊಟ್ಟಣ ಸಿಕ್ಕಿತು. ಒಳಗಿನ ಹಲ್ಲು ಗಟ್ಟಿಯಾಗಿ ಬೆರಳಿಗೆ ಒತ್ತಿತು.

"ಇದೀವಿ! ಇಲ್ಲೇ ಇದೀವಿ!"

ಅಷ್ಟು ಜೋರು ಸ್ವರ ತನ್ನೊಳಗಿಂದ ಬಂತೆಂದು ನಂಬಲಾಗದೆ ಅವಳು ಎದ್ದು ನಿಂತಳು. ಮುದುಕ ಬೆಚ್ಚಿ ಎದ್ದು, "ಬ್ರೇಕ್! ಬ್ರೇಕ್!" ಎಂದ. ಎಲ್ಲರೂ ನಕ್ಕರು. ಅಮ್ಮನೂ ನಗುತ್ತಲೇ ಎದ್ದಳು. ಎರಡು ಜಡೆಯ ಹಿಂಭಾಗ ಬಾಗಿಲೊಳಗೆ ಹೋಗುವುದನ್ನು ನೋಡುತ್ತ ನಿಂತವಳಿಗೆ, ಯಾವುದೋ ಹುಡುಗಿಯನ್ನು ಶಾಲೆಗೆ ಬಿಟ್ಟುಬಂದ ಹಾಗಾಯಿತು.

ವಾರ್ಡಿನಲ್ಲಿ ಜೊತೆಯವರು ಉಳಿಯುವ ಹಾಗಿರಲಿಲ್ಲ. ಸಂಜೆ ಮನೆಗೆ ಬಂದು ಮೆಟ್ಟಿಲು ಹತ್ತಿದಳು. ಒಳಗಿಂದ ಯಾರೂ ಬಂದ್ಯಾ ಎನ್ನಲಿಲ್ಲ. ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿದಳು, ಆಮೇಲೆ ಎದ್ದು ಅಮ್ಮನ ಜಾಗದಲ್ಲಿ ಕೂತು ಸ್ಟೂಲನ್ನು ನೋಡಿದಳು. ಕೇಳುವವರಿಲ್ಲದೆ ರಾಣಿಯ ಸ್ವರ ಬರಲಿಲ್ಲ. ಬೈಯುವವರಿಲ್ಲದೆ ಮೂಗಿಯ ಮೌನವೂ ಮೌನ ಅನ್ನಿಸಲಿಲ್ಲ. ಮರುದಿನ ಬೆಳಗ್ಗೆ ಆಸ್ಪತ್ರೆಗೆ ಹೊರಡುವಾಗ ಮೆಟ್ಟಿಲ ಕೆಳಗಿನ ಗೂಡಿನಿಂದ ಹಿಮ್ಮಡಿ ಚಪ್ಪಲಿಯನ್ನು ತೆಗೆದು, ಹಳೆಯ ಕಾಗದದಲ್ಲಿ ಸುತ್ತಿ, ಬೀದಿ ಕೊನೆಯ ಕಸದ ತೊಟ್ಟಿಗೆ ಹಾಕಿದಳು. ಕಸದ ಗಾಡಿ ಬಂದು ಅದನ್ನು ಎತ್ತಿಕೊಂಡು ಹೋಗುವ ತನಕ ಅಲ್ಲೇ ನಿಂತಿದ್ದಳು. ಇವತ್ತು ಅಮ್ಮ ನೋಡುತ್ತಾಳೆ. ನೋಡಲಿ. ಬೈದರೆ ಬೈಯಲಿ, ನನ್ನನ್ನೇ ಬೈಯಲಿ.

ವಾರ್ಡಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬೊಬ್ಬರ ಕಣ್ಣಿನ ಪಟ್ಟಿ ಬಿಚ್ಚುತ್ತ ಬಂದಳು. ಅಮ್ಮನ ಮಂಚದ ಪಕ್ಕ ಮಗಳು ಕೈಕಟ್ಟಿ ನಿಂತಳು. ಪಟ್ಟಿ ಬಿಚ್ಚಿ ಒದ್ದೆ ಹತ್ತಿಯಿಂದ ಒರೆಸಿದಾಗ, ಕೆಂಪಗೆ ನೀರಾಡುತ್ತಿದ್ದ ಕಣ್ಣು ತೆರೆಯಿತು. ಒಳಗೆ ಆಳದಲ್ಲಿ ಸಣ್ಣದೊಂದು ಬೆಳಕು ಮಿಂಚಿ ಆರಿತು.

"ಎಡಗಣ್ಣು ಅಂಗೈಯಿಂದ ಮುಚ್ಕೊಳಿ. ಇದೆಷ್ಟು ಬೆರಳು?"

"ಮೂರು. ಉಗುರಿಗೆ ಹಚ್ಚಿದ ಬಣ್ಣ ಅರ್ಧ ಹೋಗಿದೆ, ಮತ್ತೆ ಹಚ್ಕೋ ತಾಯಿ."

ಡಾಕ್ಟರಮ್ಮ ನಕ್ಕು ಬೆರಳು ಮಡಚಿಕೊಂಡಳು. "ಸರಿ. ಇಲ್ಲಿ ನಿಂತಿರೋದು ಯಾರು?"

ಅಮ್ಮ ನೋಡಿದಳು. ಹಣೆಯಿಂದ ಶುರುಮಾಡಿ, ಗಲ್ಲ, ರವಿಕೆಗೆ ಚುಚ್ಚಿದ್ದ ಪಿನ್ನು, ಕೈ. ಬೆಳಕಿಗೆ ಹಿಡಿದು ಕಲೆ ಹುಡುಕುವ ಹಾಗೆ ನೋಡಿದಳು. ಅಷ್ಟು ಹೊತ್ತು ಯಾರೂ ಎಂದೂ ಅವಳನ್ನು ನೋಡಿದ್ದಿಲ್ಲ.

"ಮೂಗಿ," ಎಂದಳು. "ನನ್ನ ಚಿಕ್ಕ ಮಗಳು. ಎಷ್ಟು ಸೊರಗಿದೀಯೇ! ಇದೇನು ಕೈ ಮೇಲೆ, ಇಷ್ಟುದ್ದ ಸುಟ್ಟಿದೆ? ರಾಣಿ ಹೇಳಿದ್ಲು, ನಾನು ಇಷ್ಟು ಅಂದ್ಕೊಂಡಿರಲಿಲ್ಲ."

ಅವಳು ಎರಡು ಹೆಜ್ಜೆ ಮುಂದೆ ಬಂದಳು. ಅಮ್ಮನ ಕೈ ಹಿಡಿಯಬೇಕು, ಪಾತ್ರೆ ಹಿಡಿದ ಹಾಗಲ್ಲದೆ.

"ಈಗ ಬಲಗಣ್ಣು ಮುಚ್ಕೊಂಡು ಇನ್ನೊಂದರಲ್ಲಿ ನೋಡಿ," ಡಾಕ್ಟರಮ್ಮ ಬರೆದುಕೊಳ್ಳುತ್ತ ಹೇಳಿದಳು. "ಏನಾದ್ರೂ ಕಾಣತ್ತಾ?"

ಅಂಗೈ ಈ ಕಣ್ಣಿನಿಂದ ಆ ಕಣ್ಣಿಗೆ ಸರಿಯಿತು. ಕೆನೆ ಕಟ್ಟಿದ ಕಣ್ಣು ಅವಳ ಮೇಲೆ ಬಂದು ನಿಂತಿತು. ಅಮ್ಮನ ಮುಖ ಮೆಲ್ಲಗೆ ಅರಳಿತು, ಆ ಮುಖ.

"ರಾಣಿ," ಎಂದಳು.

"ಅದು ಪೂರ್ತಿ ಬಲಿತಿದೆ, ಅಂದಾಜಲ್ಲಿ ಹೇಳ್ತಿದಾರೆ," ಎಂದು ಡಾಕ್ಟರಮ್ಮ ಅವಳಿಗೆ ವಿವರಿಸಿದಳು. "ಅದಕ್ಕೂ ಇವತ್ತೇ ಹೆಸರು ಬರೆಸಿಬಿಡಿ. ಪಟ್ಟಿ ಮಾತ್ರ ಉದ್ದ ಇದೆ, ಯಾವಾಗ ಬರತ್ತೋ ನಾವು ಹೇಳಕ್ಕಾಗಲ್ಲ." ಹಾಗೆಂದು ಮುಂದಿನ ಮಂಚಕ್ಕೆ ಹೋದಳು.

ಅಮ್ಮ ಅಂಗೈ ತೆಗೆಯಲಿಲ್ಲ. ಹೊಸ ಕಣ್ಣನ್ನು ಹಾಗೇ ಮುಚ್ಚಿಕೊಂಡು, "ಏನಂತೀಯೇ ರಾಣಿ?" ಎಂದಳು. "ಬರೆಸೋದಾ?"

ಅಂಗೈಯ ಹಿಂದೆ ಎಲ್ಲವನ್ನೂ ಕಾಣಬಲ್ಲ ಒಂದು ಕಣ್ಣಿತ್ತು. ಅದಕ್ಕೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ನಾನು ಮೂಗಿ ಎಂದರೆ ಅಂಗೈ ಕೆಳಗಿಳಿಯುತ್ತದೆ. ಎದುರಿಗೆ ಇಬ್ಬರು ಹೆಣ್ಣುಮಕ್ಕಳಿದ್ದ ತಾಯಿಗೆ ಒಬ್ಬಳು ಉಳಿಯುತ್ತಾಳೆ. ಹಲ್ಲಿನ ಹಿಂದೆ ನಾಲಿಗೆ ಒದ್ದೆಯಾಗಿ ಬಿದ್ದಿತ್ತು. ಅದು ತಾನಾಗಿ ಎದ್ದಿತು.

"ಬರೆಸೋಣಮ್ಮ," ಎಂದಳು, ಕೊನೆಯಲ್ಲಿ ಎಳೆದು.

"ಪಟ್ಟಿ ಉದ್ದ ಇದೆಯಂತೆ," ಎಂದಳು ಅಮ್ಮ, ಶುಭಸುದ್ದಿ ಹೇಳುವವಳ ಹಾಗೆ.

"ತುಂಬಾ ಉದ್ದ. ಬಂದ್ರೂ ಏನಂತೆ? ಕೂಗಿದಾಗ ಮೂಗಿ ಬಾಯಿ ಬಿಡ್ತಾಳಾ?"

ಇಬ್ಬರೂ ನಕ್ಕರು. ಪಕ್ಕದ ಮಂಚದ ಹೆಂಗಸು, ತನ್ನದೊಂದೇ ಕಣ್ಣಿನಿಂದ ಅವರನ್ನು ನೋಡಿ, ಯಾಕೋ ಸರಿದು ಮಲಗಿದಳು.

ಕಿಟಕಿಯಲ್ಲಿ ಎಡಗಣ್ಣಿಗೆ ಹೆಸರು ಬರೆಸಿ ಬಾಗಿಲ ಬಳಿ ಬಂದಾಗ, ಚಪ್ಪಲಿ ರಾಶಿಯ ಮುಂದೆ ಅಮ್ಮ ತಾನೇ ಬಗ್ಗಿದಳು. ಕರಿ ಕನ್ನಡಕದೊಳಗಿಂದ ಹುಡುಕಿ, ಉಂಗುಷ್ಟ ಹೊಲಿಸಿದ ಚಪ್ಪಟೆ ಚಪ್ಪಲಿಯನ್ನು ಆರಿಸಿ, ಅವಳ ಕಾಲಿನ ಮುಂದೆ ಜೋಡಿಸಿ ಇಟ್ಟಳು. "ಹಾಕ್ಕೋ," ಎಂದಳು. ಯಾರೆಂದು ಹೇಳಲಿಲ್ಲ. ಆಮೇಲೆ ಕನ್ನಡಕದ ಕೆಳಗಿಂದ ಅಂಗೈ ತೂರಿಸಿ ಹೊಸ ಕಣ್ಣನ್ನು ಮುಚ್ಚಿಕೊಂಡು, ಇನ್ನೊಂದು ಕೈಯನ್ನು ಚಾಚಿದಳು. "ನಡಿ."

ಅವಳು ಆ ಕೈ ಹಿಡಿದಳು. ಕಾಲಲ್ಲಿದ್ದದ್ದು ಚಪ್ಪಟೆ ಚಪ್ಪಲಿ, ನೆಲಕ್ಕೆ ತಾಗಿದ್ದೇ ಗೊತ್ತಾಗದಂಥದ್ದು. ಕಸದ ಗಾಡಿ ಆಗಲೇ ಊರಾಚೆ ದಾಟಿರಬೇಕು. ಅಮ್ಮ ತಲೆ ಓರೆ ಮಾಡಿ, ನಸುನಗುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೂ ಕೇಳಿಸಿತು: ಉದ್ದನೆಯ ಹೊರಸಾಲೆಯಲ್ಲಿ, ಅವಳ ಹೆಜ್ಜೆಗೆ ಸರಿಯಾಗಿ, ಟಕ್ ಟಕ್. ಹೆಜ್ಜೆ ನಿಧಾನ ಮಾಡಿದಳು. ಅದೂ ನಿಧಾನವಾಯಿತು.